ಹಲಗಲಿಯ ಹತಾರ, ಕೊಡಗಿನ ಕೋವಿ

ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ಹಲಗಲಿ ಎಂಬ ಊರಿದೆ. ಶಾಲೆಯಲ್ಲಿ ಲಾವಣಿ ಓದಿದ ಕನ್ನಡಿಗರಿಗೆ ಆ ಹೆಸರು ಗೊತ್ತು. 1857ರಲ್ಲಿ ಉತ್ತರ ಭಾರತದ ದಂಗೆಗೆ ಬೆದರಿದ ಕಂಪನಿ ಸರ್ಕಾರ ಜನರ ಕೈಯಲ್ಲಿದ್ದ ಆಯುಧಗಳ ಮೇಲೆ ಕಣ್ಣು ಹಾಕಿತು. ಹತಾರ ಇಟ್ಟುಕೊಂಡವರು ಅದನ್ನು ದಾಖಲು ಮಾಡಿಸಬೇಕು, ಅಪ್ಪಣೆ ಸಿಗದವರು ತಂದು ಒಪ್ಪಿಸಬೇಕು ಎಂದು ಕಾಯ್ದೆ ಮಾಡಿತು. ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು, ಊರಿನ ರಕ್ಷಣೆ ಎಲ್ಲವೂ ಆ ಹತಾರಗಳ ಮೇಲೆಯೇ ನಿಂತಿದ್ದವು. ಅವನ್ನು ಕೊಟ್ಟುಬಿಟ್ಟರೆ ಬದುಕಿನ ದಾರಿಯ ಜೊತೆಗೆ ಮರ್ಯಾದೆಯೂ ಹೋಗುತ್ತದೆ ಎಂದುಕೊಂಡರು. ಸುತ್ತಲಿನ ಹಳ್ಳಿಗಳವರೂ ಬಂದು ಅವರನ್ನು ಸೇರಿಕೊಂಡರು.

ನವೆಂಬರ್ ಕೊನೆಯಲ್ಲಿ ಬ್ರಿಟಿಷರ ಕುದುರೆ ದಂಡು ಊರನ್ನು ಸುತ್ತುವರಿಯಿತು. ಬಾಗಿಲು ತೆರೆಯದ ಮನೆಗಳಿಗೆ ಬೆಂಕಿ ಇಟ್ಟರು. ಸತ್ತವರು ಸತ್ತರು, ಸೆರೆಸಿಕ್ಕವರಲ್ಲಿ ಮುಂದಾಳುಗಳೆಂದು ಗುರುತಿಸಿದ 19 ಜನರನ್ನು ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಜನರ ಕಣ್ಣೆದುರಿಗೇ ಗಲ್ಲಿಗೇರಿಸಿದರು. ಜಡಗ, ಬಾಲ ಎಂಬ ಹೆಸರುಗಳು ಇವತ್ತಿಗೂ ಉಳಿದಿದ್ದರೆ ಅದಕ್ಕೆ ಕಾರಣ ಲಾವಣಿಕಾರರು. ಹಾಡಿಕೆಯವರ ಬಾಯಲ್ಲಿದ್ದ ಆ ಲಾವಣಿಯನ್ನು ಶಾಸನತಜ್ಞ ಜಾನ್ ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದರು. ಊರು ಸುಟ್ಟ ಸರ್ಕಾರದ ಅಧಿಕಾರಿಯೊಬ್ಬರೇ ಊರಿನ ನೆನಪನ್ನು ಕಾಗದಕ್ಕೆ ಇಳಿಸಿದ್ದು ಕನ್ನಡದ ಭಾಗ್ಯ.

ಮರು ವರ್ಷ ನರಗುಂದದ ಬಾರಿ. ದೊರೆ ಭಾಸ್ಕರರಾವ್ ಭಾವೆಗೆ ದತ್ತು ತೆಗೆದುಕೊಳ್ಳಲು ಅನುಮತಿ ಸಿಕ್ಕಿರಲಿಲ್ಲ. ಆ ಸಿಟ್ಟಿನ ಜೊತೆಗೆ, ಕೋಟೆಯ ತೋಪು ಮದ್ದುಗುಂಡುಗಳನ್ನು ಒಪ್ಪಿಸು ಎಂಬ ಒತ್ತಾಯವೂ ಸೇರಿತು. 1858ರ ಮೇ ಕೊನೆಯಲ್ಲಿ ಸುರೇಬಾನದಲ್ಲಿ ಬ್ರಿಟಿಷ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಭಾಸ್ಕರರಾಯರನ್ನು ಗಲ್ಲಿಗೇರಿಸಲಾಯಿತು.

ಇದಾಗಿ ಮೂರು ವರ್ಷವೂ ತುಂಬುವ ಮೊದಲು, 1861ರ ಫೆಬ್ರವರಿ 26ರಂದು, ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಒಂದು ಪ್ರಕಟಣೆಗೆ ಸಹಿ ಹಾಕಿದರು. ಕೊಡಗಿನ ವೀರ ಜನರ ನಿಷ್ಠೆಯನ್ನೂ ಅವರು ಬ್ರಿಟಿಷ್ ಸರ್ಕಾರಕ್ಕೆ ಸಲ್ಲಿಸಿದ ಸೇವೆಯನ್ನೂ ಬಾಯ್ತುಂಬ ಹೊಗಳಿ, ನಿಶ್ಶಸ್ತ್ರೀಕರಣದ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ ಎಂದು ಸಾರಿದರು. ಕಬ್ಬನ್ ಆಗ ಅಧಿಕಾರದ ಕೊನೆಯ ದಿನಗಳಲ್ಲಿದ್ದರು. ಸ್ವದೇಶಕ್ಕೆ ಹೊರಟವರು ಏಪ್ರಿಲ್‌ನಲ್ಲಿ ಸುಯೆಜ್‌ನಲ್ಲಿ ತೀರಿಕೊಂಡರು. ಅವರ ಆ ಪ್ರಕಟಣೆಯ ಜೀವ ಮಾತ್ರ ಇನ್ನೂ ಹೋಗಿಲ್ಲ. ರಾಣಿಯ ಆಳ್ವಿಕೆ ಮುಗಿದು, ಸ್ವಾತಂತ್ರ್ಯ ಬಂದು, ಕೊಡಗು ಒಂದು ರಾಜ್ಯವಾಗಿ ಆಮೇಲೆ ಜಿಲ್ಲೆಯಾದರೂ ಅದು ರೂಪ ಬದಲಿಸುತ್ತಾ ನಡೆದುಬಂದಿದೆ.

ಹಲಗಲಿ ಸುಟ್ಟದ್ದು, ಕೊಡಗಿಗೆ ಕೋವಿ ಉಳಿದದ್ದು, ಎರಡೂ ಒಂದೇ ನಿಶ್ಶಸ್ತ್ರೀಕರಣ ನೀತಿಯ ಸಂತಾನ. ಕನ್ನಡನಾಡಿನಲ್ಲಿ ಬಂದೂಕಿನ ಚರಿತ್ರೆ ಹೇಳುವವರು ಇವೆರಡನ್ನೂ ಒಟ್ಟಿಗೆ ಹೇಳಬೇಕು. ಇಲ್ಲದಿದ್ದರೆ ಒಂದು ಕಡೆ ಹುತಾತ್ಮರ ಲಾವಣಿ, ಇನ್ನೊಂದು ಕಡೆ ಕೋವಿಗೆ ಪೂಜೆ ಮಾಡುವ ಹಬ್ಬದ ಫೋಟೊ ಉಳಿಯುತ್ತದೆ. ನಡುವೆ ಇರುವ ಸರ್ಕಾರ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೊಡಗಿನವರ ಮೇಲೆ ಅಷ್ಟು ಪ್ರೀತಿ ಯಾಕೆ ಬಂತು ಎನ್ನುವುದಕ್ಕೆ ಇಪ್ಪತ್ತೈದು ವರ್ಷ ಹಿಂದೆ ಹೋಗಬೇಕು. 1834ರಲ್ಲಿ ಕಂಪನಿ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಮಾಡಿಕೊಂಡಿತು. ಅರಸರ ಕಾಲದಲ್ಲಿ ಕೊಡಗಿಗೆ ಸೇರಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಅಂಟಿಸಿತು. ಬತ್ತದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೊಕ್ಕದಲ್ಲೇ ಕೊಡಬೇಕಾಗಿ ಬಂದಾಗ ರೈತರು ಕಂಗಾಲಾದರು. 1837ರ ಏಪ್ರಿಲ್‌ನಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಗೆ ಎದ್ದಿತು. ಅರೆಭಾಷೆ ಗೌಡರು ದೊಡ್ಡ ಸಂಖ್ಯೆಯಲ್ಲಿದ್ದ, ಬೇರೆ ಬೇರೆ ಸಮುದಾಯದವರೂ ಸೇರಿದ್ದ ಆ ದಂಡು ಬೆಳ್ಳಾರೆಯಿಂದ ಹೊರಟು ಮಂಗಳೂರಿಗೆ ನುಗ್ಗಿ, ಕೆಲವು ದಿನ ಪಟ್ಟಣವನ್ನು ಕೈವಶ ಮಾಡಿಕೊಂಡಿತ್ತು. ಅದನ್ನು ಅಡಗಿಸುವುದರಲ್ಲಿ ಕಂಪನಿಗೆ ಹೆಗಲು ಕೊಟ್ಟವರು ಕೊಡಗಿನ ದಿವಾನರು ಮತ್ತು ಅವರ ಹಿಂದಿದ್ದ ಕೊಡವ ಪಡೆ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದ್ದು ಆ ವರ್ಷವೇ. ಇಂದು ಅದೇ ಊರಿನಲ್ಲಿ ಅವರ ಪ್ರತಿಮೆ ಇದೆ.

ಸಹಾಯ ಮಾಡಿದವರಿಗೆ ಕಂಪನಿ ಪದಕ ಕೊಟ್ಟಿತು. ಅದರ ಒಂದು ಬದಿಯಲ್ಲಿ ಕತ್ತಿ ಎತ್ತಿ ನಿಂತ ಕೊಡವ ವೀರ, ಸುತ್ತ ಕನ್ನಡ ಅಕ್ಷರಗಳು. ಇನ್ನೊಂದು ಬದಿಯಲ್ಲಿ ಯುದ್ಧದ ಕತ್ತಿ, ಇಂಗ್ಲಿಷ್ ಬರಹ. ದಂಗೆ ಅಡಗಿಸಿದ ನಿಷ್ಠೆಗೆ ಕೊಟ್ಟ ಗುರುತು ಎಂಬುದು ಎರಡೂ ಭಾಷೆಯ ಸಾರ. 1861ರ ವಿನಾಯಿತಿಯನ್ನು ಓದುವಾಗ ಈ ಪದಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಕೋವಿ ಉಳಿದದ್ದು ಒಂದು ಬಹುಮಾನವಾಗಿ. ಕೊಡುವವರು ಮೆಚ್ಚಿದರೆ ಬಹುಮಾನ, ಮುನಿದರೆ ಹಲಗಲಿ.

ಇಷ್ಟೇ ಹೇಳಿ ನಿಲ್ಲಿಸಿದರೆ ಕೊಡಗಿಗೆ ಅನ್ಯಾಯವಾಗುತ್ತದೆ. ಬ್ರಿಟಿಷರ ಮೆಚ್ಚುಗೆಗೂ ಮೊದಲೇ ಆಯುಧ ಅಲ್ಲಿನ ಜಮೀನಿನ ಜೊತೆ ಹೆಣೆದುಕೊಂಡಿತ್ತು. ಅರಸರ ಕಾಲದ ಜಮ್ಮಾ ಹಿಡುವಳಿಯ ಕರಾರು ಸರಳ: ಭೂಮಿ ಒಕ್ಕಕ್ಕೆ, ಅಂದರೆ ಕುಲಕ್ಕೆ, ವಂಶಪಾರಂಪರ್ಯವಾಗಿ ಸೇರಿದ್ದು, ಮಾರುವಂತಿಲ್ಲ, ಕಂದಾಯ ಕಡಿಮೆ; ಅದಕ್ಕೆ ಪ್ರತಿಯಾಗಿ ಅರಸ ಕರೆದಾಗ ಆಯುಧ ಹಿಡಿದು ಹಾಜರಾಗಬೇಕು. ಸಾಗು ಎಂಬ ಸಾಮಾನ್ಯ ಹಿಡುವಳಿಯ ನೂರು ಭಟ್ಟಿ ಭೂಮಿಗೆ 10 ರೂಪಾಯಿ ಕಂದಾಯವಿದ್ದರೆ ಜಮ್ಮಾ ಭೂಮಿಗೆ 5 ರೂಪಾಯಿ. ಉಳಿದ ಅರ್ಧವನ್ನು ರೈತ ತನ್ನ ದೇಹದಿಂದ ತೀರಿಸುತ್ತಿದ್ದ. ಬ್ರಿಟಿಷರು ಬಂದ ಮೇಲೂ ಜಮ್ಮಾದವರ ಮೇಲೆ ಕಾವಲಿನ ಹೊಣೆ ಇತ್ತು. ಸಂಬಳದ ಸೈನ್ಯ ಸಾಕದ ಆ ಬೆಟ್ಟನಾಡಿನಲ್ಲಿ ಒಕ್ಕದ ಮೂಲಮನೆಯಾದ ಪ್ರತಿ ಐನ್‌ಮನೆಯೂ ಒಂದು ಸಣ್ಣ ಠಾಣೆ. ಹಾಗಾಗಿ ಮುಂದಿನ ಆಯುಧ ನಿಯಮಗಳು ವಿನಾಯಿತಿಯನ್ನು ಎರಡು ಗುಂಪಿಗೆ ಕೊಟ್ಟವು: ಕೊಡವ ಜನಾಂಗಕ್ಕೆ ಸೇರಿದವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು. ಎರಡನೆಯ ಗುಂಪಿನಲ್ಲಿ ಅರೆಭಾಷೆ ಗೌಡರೂ ಇದ್ದಾರೆ. 1837ರಲ್ಲಿ ಕಂಪನಿಯ ಎದುರು ನಿಂತವರ ಬಳಗಕ್ಕೂ ಭೂಮಿಯ ದಾರಿಯಿಂದ ಅದೇ ವಿನಾಯಿತಿ ದಕ್ಕಿತು. ಈ ಚರಿತ್ರೆಯಲ್ಲಿ ಸಮಾಧಾನ ಕೊಡುವ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

ಮನೆಯೊಳಗೆ ಈ ಆಯುಧದ ಸ್ಥಾನ ಏನು ಎಂದು ನೋಡಬೇಕಾದರೆ ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ನೋಡಬೇಕು. ಗದ್ದೆಯ ನಾಟಿ ಮುಗಿದಿರುತ್ತದೆ. ಬೇಸಾಯದ ತಿಂಗಳುಗಳಲ್ಲಿ ಕನ್ನಿಕೋಂಬರೆ ಎಂಬ ದೇವರ ಕೋಣೆಯಲ್ಲಿ ಇಟ್ಟಿದ್ದ ತೋಕ್ (ಕೋವಿ), ಒಡಿಕತ್ತಿ, ಪೀಚೆಕತ್ತಿಗಳನ್ನು ಹೊರತೆಗೆದು, ಒರೆಸಿ, ಎಣ್ಣೆ ಹಚ್ಚಿ, ದೀಪದ ಎದುರು ಸಾಲಾಗಿ ಇಡುತ್ತಾರೆ. ಗಂಧದ ಬೊಟ್ಟು ಬೀಳುತ್ತದೆ. ಕೋವಿಯ ನಳಿಗೆಯ ಬಾಯಿಗೆ ತೋಕ್‌ಪೂ ಸಿಕ್ಕಿಸುತ್ತಾರೆ. ಮಳೆಗಾಲದ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಕೆಂಪು ಹಳದಿಯಾಗಿ ಅರಳುವ ಹೂ ಅದು. ಬಯಲುಸೀಮೆಯವರು ಗೌರಿ ಹೂ ಎನ್ನುತ್ತಾರೆ. ಕಡಂಬುಟ್ಟು, ಪಂದಿಕರಿಯ ಊಟ ಆದ ಮೇಲೆ ಊರಿನ ಮಂದ್ ಎಂಬ ಬಯಲಿನಲ್ಲಿ ಎಲ್ಲರೂ ಸೇರುತ್ತಾರೆ. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಈಡು ಹೊಡೆಯುವ ಪಂದ್ಯ ಶುರುವಾಗುತ್ತದೆ. ಈಗ ಹೆಣ್ಣುಮಕ್ಕಳೂ ಸಾಲಿನಲ್ಲಿ ನಿಂತು ಗುರಿ ಹಿಡಿಯುತ್ತಾರೆ.

ಹುಟ್ಟಿನಿಂದ ಸಾವಿನವರೆಗೂ ಕೋವಿಯ ಸದ್ದು ಸುದ್ದಿ ಮುಟ್ಟಿಸುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು; ಹರಳು ಗಿಡದ ಕಡ್ಡಿಯಲ್ಲಿ ಮಾಡಿದ ಪುಟ್ಟ ಬಿಲ್ಲನ್ನು ಕೂಸಿನ ಕೈಗೆ ಮುಟ್ಟಿಸುವುದೂ ಹಳೆಯ ಪದ್ಧತಿ. ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು. ಮನೆಗಳು ಒಂದಕ್ಕೊಂದು ದೂರ, ನಡುವೆ ಕಾಡು, ಗದ್ದೆ, ಹೊಳೆ. ಟೆಲಿಫೋನ್ ಇಲ್ಲದ ಕಾಲದಲ್ಲಿ ಎರಡು ಸದ್ದು ಕೇಳಿದ ನೆರೆಯವರು ಕೈಯ ಕೆಲಸ ಬಿಟ್ಟು ಆ ದಿಕ್ಕಿಗೆ ಹೊರಡುತ್ತಿದ್ದರು. ಪುತ್ತರಿಯ ರಾತ್ರಿ ಹೊಸ ಕದಿರು ಕೊಯ್ಯುವ ಹೊತ್ತಿಗೂ ಗದ್ದೆಯಲ್ಲಿ ಗುಂಡು ಹಾರುತ್ತದೆ.

ಉಳಿದ ಭಾರತಕ್ಕೆ 1878ರಲ್ಲಿ ಲಾರ್ಡ್ ಲಿಟ್ಟನ್ ಹೊಸ ಆಯುಧ ಕಾಯ್ದೆ ಕೊಟ್ಟ. ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ ಕಾನೂನು ಬಂದದ್ದೂ ಅದೇ ವರ್ಷ, ಅದೇ ಕೈಯಿಂದ. ಯುರೋಪಿಯನ್ನರಿಗೆ ಲೈಸೆನ್ಸ್ ಬೇಡ, ಭಾರತೀಯನಿಗೆ ಬೇಕು: ಅದರ ನಿಯಮಗಳ ತಿರುಳು ಇದು. ಕಾಂಗ್ರೆಸ್ ತನ್ನ ಆರಂಭದ ಅಧಿವೇಶನಗಳಿಂದಲೇ ಇದನ್ನು ಖಂಡಿಸುತ್ತಾ ಬಂತು. ಅಹಿಂಸೆಯನ್ನೇ ಬದುಕಾಗಿಸಿಕೊಂಡ ಗಾಂಧೀಜಿ ಕೂಡ, ಬ್ರಿಟಿಷರು ಮಾಡಿದ ಕೇಡುಗಳಲ್ಲಿ ಇಡೀ ಜನಾಂಗದ ಆಯುಧ ಕಿತ್ತುಕೊಂಡ ಕಾಯ್ದೆ ಅತ್ಯಂತ ಕರಾಳವಾದದ್ದು ಎಂದು ಬರೆದರು. ಇದರಲ್ಲಿ ವಿರೋಧಾಭಾಸ ಹುಡುಕಬೇಕಾಗಿಲ್ಲ. ಆಯುಧ ಇದ್ದೂ ಎತ್ತದಿರುವುದು ಅವರ ಪ್ರಕಾರ ಧೈರ್ಯ. ಆಯುಧವೇ ಇಲ್ಲದವನು ಸುಮ್ಮನಿರುವುದು ಬೇರೆ ಮಾತು. 1931ರ ಕರಾಚಿ ಅಧಿವೇಶನ ಮೂಲಭೂತ ಹಕ್ಕುಗಳ ಪಟ್ಟಿ ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇರಬೇಕೆಂದು ಅದರಲ್ಲಿ ಸೇರಿಸಿತು.

ಹದಿನೇಳು ವರ್ಷದ ನಂತರ ಆ ಮಾತನ್ನು ಸಂವಿಧಾನ ರಚನಾ ಸಭೆಯಲ್ಲಿ ನೆನಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಐಸಿಎಸ್ ಹುದ್ದೆ ಬಿಟ್ಟು ಸುಭಾಷ್‌ಚಂದ್ರ ಬೋಸರ ಜೊತೆ ಹೋದ ಮನುಷ್ಯ. ಕರಾಚಿಯಲ್ಲಿ ಜನರಿಗೆ ಕೊಟ್ಟ ವಚನವನ್ನು ಸಂವಿಧಾನದಲ್ಲಿ ಬರೆಯಿರಿ ಎಂದು ಅವರು 1948ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಸೂಚಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದರೂ ಅಂಗಡಿಗೆ ಹೋಗಿ ಆಯುಧ ಕೊಂಡುಕೊಳ್ಳುವ ಹಕ್ಕು ಪಡೆದರೆ ಸರ್ಕಾರ ಆಡಳಿತ ನಡೆಸುವುದು ಹೇಗೆಂದು ತನಗೆ ಊಹಿಸಲೂ ಆಗುತ್ತಿಲ್ಲ ಎಂಬುದು ಅವರ ಉತ್ತರದ ಸಾರ. ದೇಶ ವಿಭಜನೆಯ ರಕ್ತ ಆಗಿನ್ನೂ ಆರಿರಲಿಲ್ಲ. ಆ ಹೊತ್ತಿನಲ್ಲಿ ಅಂಬೇಡ್ಕರ್ ಆಡಿದ ಮಾತಿಗೆ ಇದ್ದ ತೂಕವನ್ನು ಇವತ್ತೂ ಅಲ್ಲಗಳೆಯಲಾಗದು. ಆದರೆ ಕಾಮತರ ಪ್ರಶ್ನೆಯೂ ಉತ್ತರವಿಲ್ಲದೆ ಉಳಿಯಿತು: ಸ್ವತಂತ್ರ ದೇಶದ ಸರ್ಕಾರ ತನ್ನ ಪ್ರಜೆಯನ್ನು ನಂಬುತ್ತದೆಯೋ ಇಲ್ಲವೋ?

1959ರ ಆಯುಧ ಕಾಯ್ದೆ ಮಧ್ಯದ ಹಾದಿ ಹಿಡಿಯಲು ನೋಡಿತು. ಕಾಯ್ದೆ ಓದಿದರೆ ಅದು ಹಳ್ಳಿಯವನನ್ನು ಮರೆತಿಲ್ಲ ಎಂಬುದು ಕಾಣುತ್ತದೆ. ಬೆಳೆ ಕಾಯಲು ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿ ಕೇಳಿದವನಿಗೆ, ರಕ್ಷಣೆಗೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ಬಂದೂಕು ಕೇಳಿದವನಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ ಪರವಾನಗಿ ಕೊಡಬೇಕು ಎಂದೇ ಅದರ 13ನೆಯ ಕಲಂ ಹೇಳುತ್ತದೆ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ನಿರಾಕರಿಸಬಾರದು ಎಂದು 14ನೆಯ ಕಲಂ ಸೇರಿಸುತ್ತದೆ. 41ನೆಯ ಕಲಂ ಕೆಲವು ವರ್ಗದವರಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಸಿಖ್ಖರ ಕಿರ್ಪಾಣ, ಗೂರ್ಖರ ಖುಕ್ರಿಯ ಹಾಗೆ ಕೊಡಗಿನ ಕೋವಿಗೂ 1960ರ ದಶಕದಲ್ಲಿ ಈ ಬಾಗಿಲಿನಿಂದ ಪ್ರವೇಶ ಸಿಕ್ಕಿತು. ಒಂದು ರೈಫಲ್ ಮತ್ತು 100 ಗುಂಡು, ಒಂದು ನಯ ನಳಿಗೆಯ ಕೋವಿ ಮತ್ತು 500 ತೋಟಾ ಅಥವಾ ಅಷ್ಟೇ ಪ್ರಮಾಣದ ಮದ್ದು ಚರೆ: ಇದು ಮಿತಿ. ಪಿಸ್ತೂಲು, ರಿವಾಲ್ವರ್ ಇದರಲ್ಲಿ ಬರುವುದಿಲ್ಲ. ಅವಕ್ಕೆ ಎಲ್ಲರಂತೆ ಲೈಸೆನ್ಸ್ ಬೇಕು. ಕೊಡಗಿನವರು ಕಾಗದವೇ ಇಲ್ಲದೆ ಬಂದೂಕು ಹಿಡಿದು ತಿರುಗುತ್ತಾರೆ ಎಂದು ಹೊರಗಿನವರು ತಿಳಿದದ್ದು ತಪ್ಪು. ಜಿಲ್ಲಾಧಿಕಾರಿಯ ಕಚೇರಿಯಿಂದ ವಿನಾಯಿತಿ ಪತ್ರ ಪಡೆಯಬೇಕು, ಅದಕ್ಕೆ ಮುಂಚೆ ವಿಚಾರಣೆ ಆಗುತ್ತದೆ.

ಕಾಯ್ದೆಯ ಪುಸ್ತಕಕ್ಕೂ ತಾಲ್ಲೂಕು ಕಚೇರಿಯ ಮೇಜಿಗೂ ಇರುವ ದೂರ ಮಾತ್ರ ಬಹಳ. ಮಲೆನಾಡು ಮತ್ತು ಕರಾವಳಿಯ ಬೆಳೆಗಾರರನ್ನು ಕೇಳಿದರೆ ಮೊದಲು ಬರುವ ದೂರು ಚುನಾವಣೆಯದು. ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗೆ ಯಾವ ಚುನಾವಣೆ ಘೋಷಣೆಯಾದರೂ ಠಾಣೆಯಿಂದ ಕರೆ ಬರುತ್ತದೆ: ಕೋವಿ ತಂದು ಠೇವಣಿ ಇಡಿ. ಲೋಕಸಭಾ ಚುನಾವಣೆ ಬರುವುದು ಬೇಸಿಗೆಯಲ್ಲಿ, ಕಾಡಿನಲ್ಲಿ ನೀರು ಮೇವು ಬತ್ತಿ ಹಂದಿ, ಮಂಗ, ಆನೆ ತೋಟಕ್ಕೆ ಇಳಿಯುವ ತಿಂಗಳುಗಳಲ್ಲಿ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿಕೊಂಡವರು ಇವರ ಆಯುಧದ ಮೇಲೆ ಗಮನವಿಡಬೇಕು, ಪರಿಶೀಲನಾ ಸಮಿತಿ ಒಂದೊಂದು ಪ್ರಕರಣವನ್ನೂ ನೋಡಿ ತೀರ್ಮಾನಿಸಬೇಕು ಎಂಬುದು ಚುನಾವಣಾ ಆಯೋಗದ ಸೂಚನೆ. ಒಂದೊಂದನ್ನೂ ನೋಡುವುದಕ್ಕಿಂತ ಎಲ್ಲವನ್ನೂ ಕೇಳುವುದು ಸುಲಭ. ಹೀಗೆ ಎಪ್ಪತ್ತರ ಮುದುಕ ಅಡಿಕೆ ಬೆಳೆಗಾರ ಹಳೆಯ ಜೋಡುನಳಿಗೆಯನ್ನು ಗೋಣಿಯಲ್ಲಿ ಸುತ್ತಿ, ಬಸ್ಸು ಹತ್ತಿ, ಠಾಣೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಾನೆ. ವಾಪಸು ಸಿಗುವಾಗ ನಳಿಗೆಗೆ ತುಕ್ಕು ಹಿಡಿದಿರುತ್ತದೆ. ದಕ್ಷಿಣ ಕನ್ನಡದ ಕೃಷಿಕರು ಈ ವಿಷಯವನ್ನು ಹೈಕೋರ್ಟಿನವರೆಗೂ ಒಯ್ದಿದ್ದಾರೆ. ಅವರ ವಾದದಲ್ಲಿ ನ್ಯಾಯವಿದೆ. ಹಲಗಲಿಯ ಕಾಲದ ಸಂಶಯವನ್ನು ಕಂಪನಿ ಬಿಟ್ಟುಹೋದರೂ ಕಚೇರಿಗಳು ಬಿಟ್ಟಿಲ್ಲ.

1959ರ ಕಾಯ್ದೆಗೆ ಆಮೇಲೆ ಬದಲಾವಣೆಗಳು ಒಂದರ ಹಿಂದೆ ಒಂದು ಬಂದವು. 1983ರ ತಿದ್ದುಪಡಿ ಒಬ್ಬನಿಗೆ ಮೂರು ಬಂದೂಕಿನ ಮಿತಿ ಹಾಕಿತು. 2012ರಿಂದ ದೇಶದ ಎಲ್ಲ ಲೈಸೆನ್ಸುಗಳನ್ನು ಒಂದೇ ಗಣಕ ಕೋಶಕ್ಕೆ ತಂದು ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ ಕೊಡುವ ಕೆಲಸ ಶುರುವಾಯಿತು. 2016ರ ನಿಯಮಗಳು ತರಬೇತಿ, ಭದ್ರವಾಗಿ ಇಡುವ ವ್ಯವಸ್ಥೆಯ ಬಗ್ಗೆ ಷರತ್ತು ಹಾಕಿದವು. 2019ರಲ್ಲಿ ಕೇಂದ್ರ ಸರ್ಕಾರ ಮೂರನ್ನು ಒಂದಕ್ಕೆ ಇಳಿಸಲು ಹೊರಟಿತು; ವಿರೋಧ ಬಂದ ಮೇಲೆ ಎರಡಕ್ಕೆ ನಿಂತಿತು. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದ್ದು ಮಾತ್ರ ನೆಮ್ಮದಿ.

ಅದೇ ತಿದ್ದುಪಡಿ ಸಂಭ್ರಮಕ್ಕೆ ಗುಂಡು ಹಾರಿಸುವುದನ್ನೂ ಅಪರಾಧದ ಪಟ್ಟಿಗೆ ಸೇರಿಸಿತು. ಉತ್ತರ ಭಾರತದ ಮದುವೆ ಮೆರವಣಿಗೆಗಳಲ್ಲಿ ಹಾರಿದ ಗುಂಡು ತಗುಲಿ ಜನ ಸತ್ತ ಘಟನೆಗಳು ಅದರ ಹಿಂದಿವೆ. ಬೇಜವಾಬ್ದಾರಿಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮಗು ಹುಟ್ಟಿದ ಸುದ್ದಿಗೆ ಅಂಗಳದಲ್ಲಿ ಒಬ್ಬ ಹಿರಿಯ ಆಕಾಶಕ್ಕೆ ಹಾರಿಸುವ ಒಂದು ಗುಂಡೂ, ಬೀದಿಯ ಗುಂಪಿನ ನಡುವೆ ಅಮಲಿನಲ್ಲಿ ಹಾರಿಸುವ ಗುಂಡೂ ಒಂದಲ್ಲ. ಆದರೂ ಬೇಜವಾಬ್ದಾರಿ ಎಂಬ ಮಾತಿನ ಅಳತೆ ಆ ಹೊತ್ತಿಗೆ ಠಾಣೆಯಲ್ಲಿರುವ ಅಧಿಕಾರಿಯ ಕೈಯಲ್ಲಿದೆ.

ಕೊಡಗಿನ ವಿನಾಯಿತಿಗೆ ದೊಡ್ಡ ಸವಾಲು ಬಂದದ್ದು ಹೈಕೋರ್ಟಿನಲ್ಲಿ. ಜನಾಂಗ ಮತ್ತು ಪೂರ್ವಜರ ಭೂಮಿಯ ಆಧಾರದಲ್ಲಿ ಕೆಲವರಿಗೆ ಮಾತ್ರ ವಿನಾಯಿತಿ ಕೊಡುವುದು ಸಂವಿಧಾನದ ಸಮಾನತೆಗೆ ವಿರುದ್ಧ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅರ್ಜಿ ನಡೆಯುತ್ತಿದ್ದಾಗಲೇ, 2019ರ ಅಕ್ಟೋಬರ್ 29ರಂದು, ಕೇಂದ್ರ ಗೃಹ ಸಚಿವಾಲಯ ವಿನಾಯಿತಿಯನ್ನು ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರ ಸೆಪ್ಟೆಂಬರ್ 22ರಂದು ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಸ್ವಾತಂತ್ರ್ಯಪೂರ್ವದಿಂದ ನಡೆದುಬಂದ ವಿನಾಯಿತಿ, ಆಯುಧಪೂಜೆಯ ಹಬ್ಬವಿರುವ ಯೋಧ ಸಮುದಾಯ, ಅವಧಿಗೂ ಷರತ್ತಿಗೂ ಒಳಪಟ್ಟ ಅನುಮತಿ. ಹೀಗಾಗಿ ಈ ವರ್ಗೀಕರಣ ಸಮಂಜಸ ಎಂದು ಪೀಠ ಹೇಳಿತು.

ಕೊಡಗಿನೊಳಗೆ ಎಲ್ಲರದೂ ಒಂದೇ ದನಿ ಎಂದುಕೊಳ್ಳುವಂತಿಲ್ಲ. ಕೊಡವ ನ್ಯಾಷನಲ್ ಕೌನ್ಸಿಲ್ ಪ್ರತಿ ವರ್ಷ ತೋಕ್ ನಮ್ಮೆ ಎಂಬ ಕೋವಿ ಹಬ್ಬ ನಡೆಸುತ್ತದೆ. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೆಯ ವಿಧಿಯಲ್ಲಿ ಇರುವಂಥ ರಕ್ಷಣೆ ಕೊಡವರ ಕೋವಿಗೂ ಬೇಕು, ಹತ್ತು ವರ್ಷಕ್ಕೊಮ್ಮೆ ದೆಹಲಿಯ ಬಾಗಿಲು ತಟ್ಟುವುದು ತಪ್ಪಬೇಕು ಎಂಬುದು ಅದರ ಬೇಡಿಕೆ. ಕಾರಿಯಪ್ಪ, ತಿಮ್ಮಯ್ಯ ಇಬ್ಬರು ಸೇನಾ ಮುಖ್ಯಸ್ಥರನ್ನು ಕೊಟ್ಟ ನಾಡು, ಪ್ರತಿ ಊರಿನಲ್ಲೂ ನಿವೃತ್ತ ಯೋಧರಿದ್ದಾರೆ, ನಮ್ಮ ಶಿಸ್ತೇ ನಮ್ಮ ಲೈಸೆನ್ಸ್ ಎನ್ನುವವರು ಬಹಳ ಮಂದಿ. ಒಂಟಿ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ, ಠಾಣೆ ಎಷ್ಟೋ ಮೈಲಿ ದೂರ. ಗೋಡೆಯ ಮೇಲೆ ಕೋವಿ ಇದೆ ಎಂಬ ಮಾತೇ ಕಳ್ಳರನ್ನು ದೂರ ಇಡುತ್ತದೆ ಎನ್ನುವವರೂ ಇದ್ದಾರೆ. ಆತ್ಮರಕ್ಷಣೆಯ ಹಕ್ಕನ್ನು ದಂಡಸಂಹಿತೆ ಎಲ್ಲ ಪ್ರಜೆಗಳಿಗೂ ಕೊಟ್ಟಿದೆ, ಹಳೆಯದರಲ್ಲೂ ಹೊಸದರಲ್ಲೂ. ಎದುರಾದ ಕಾಡುಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಹೊಡೆದರೆ ಅಪರಾಧವಲ್ಲ ಎಂದು 1972ರ ವನ್ಯಜೀವಿ ಕಾಯ್ದೆ ಹೇಳುತ್ತದೆ. ಬೆಳೆ ತಿಂದ ಹಂದಿಯನ್ನು ಹೊಡೆದರೆ ಮಾತ್ರ ಕಥೆ ಬೇರೆ; ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಈಗಿನ ಬೆಳೆಗಾರನ ಕೋವಿ ಹೆಚ್ಚಾಗಿ ಮಾಡುವ ಕೆಲಸ ಗಾಳಿಗೆ ಗುಂಡು ಹಾರಿಸಿ ಪ್ರಾಣಿಗಳನ್ನು ಓಡಿಸುವುದು.

ಇನ್ನೊಂದು ಮುಖವನ್ನೂ ನೋಡಲೇಬೇಕು. ಕಾಫಿ ಗಿಡಗಳ ನಡುವೆ ಅಲುಗಾಡಿದ್ದನ್ನು ಹಂದಿ ಎಂದು ತಿಳಿದು ಹಾರಿಸಿದ ಗುಂಡಿಗೆ ಮನುಷ್ಯ ಬಿದ್ದ ಸುದ್ದಿಗಳು ಜಿಲ್ಲೆಯ ಪತ್ರಿಕೆಗಳಲ್ಲಿ ಬರುತ್ತವೆ. ಆಸ್ತಿ ಜಗಳದ ಸಿಟ್ಟಿನಲ್ಲಿ, ಸಾಲದ ಹತಾಶೆಯಲ್ಲಿ ಅದೇ ಕೋವಿ ಕೈಗೆ ಬಂದಿದೆ. ಪೂಜೆ ಮಾಡಿದ ಆಯುಧದಿಂದಲೂ ಆಗುವ ಗಾಯ ಒಂದೇ. ತೋಟದ ಲೈನ್‌ಮನೆಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ ಬದುಕುವ ಯರವರು, ಜೇನುಕುರುಬರು ಆನೆಯ ಎದುರಿಗೆ ಎಲ್ಲರಿಗಿಂತ ಮೊದಲು ಸಿಗುವವರು. ಜಮ್ಮಾ ಭೂಮಿಯಿಲ್ಲದ ಆ ಕೂಲಿಯವರಿಗೆ ಈ ವಿನಾಯಿತಿಯ ನೆರಳು ತಾಗುವುದಿಲ್ಲ. ರಕ್ಷಣೆಯ ಮಾತು ಆಡುವಾಗ ಇವರನ್ನು ಬಿಟ್ಟು ಆಡಿದರೆ ಅದು ಅರ್ಧ ಮಾತು.

ಕೊಡಗಿನ ಕೋವಿ ಉಳಿಯಬೇಕು. ನೂರ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಸಾವಿರಾರು ಮನೆಗಳಲ್ಲಿ ಬಂದೂಕು ಇದ್ದೂ ಆ ನಾಡು ರಣರಂಗವಾಗಲಿಲ್ಲ ಎಂಬುದು ಅದರ ಪರವಾದ ಗಟ್ಟಿ ಸಾಕ್ಷಿ. ಅದು ನಿಲ್ಲಬೇಕಾದ್ದು ಈ ನಡತೆಯ ಮೇಲೆ. ಹುಟ್ಟಿನ ಮೇಲೆ, ಕಂಪನಿಯ ಮೆಚ್ಚುಗೆಯ ಮೇಲೆ ನಿಲ್ಲಿಸಿದರೆ ಅಡಿಪಾಯ ದುರ್ಬಲ. ಅದೇ ನಡತೆ ತೋರಿಸಿದ ಸುಳ್ಯದ, ಶೃಂಗೇರಿಯ, ಸಿರ್ಸಿಯ ಬೆಳೆಗಾರನಿಗೂ ಅಷ್ಟೇ ನಂಬಿಕೆ ಸಲ್ಲಬೇಕು. ಆತನ ಕೋವಿಯನ್ನು ಪ್ರತಿ ಚುನಾವಣೆಗೆ ಎಳೆದೊಯ್ಯುವುದು ನಿಲ್ಲಬೇಕು. ಯಾರ ಮೇಲೆ ಪ್ರಕರಣ ಇದೆಯೋ ಅವರನ್ನು ಹೆಸರಿಟ್ಟು ಕರೆಯಲಿ. ಕೊಡವ ಸಂಘಟನೆಗಳು ತಮ್ಮ ಹಕ್ಕಿನ ಜೊತೆಗೆ ಸುರಕ್ಷಿತವಾಗಿ ಇಡುವ ಕ್ರಮ, ಮನಸ್ಸು ಕೆಟ್ಟವರ ಕೈಗೆ ಸಿಗದಂತೆ ನೋಡುವ ಹೊಣೆ, ಹೊಸಬರಿಗೆ ತರಬೇತಿ ಇವುಗಳ ಬಗ್ಗೆಯೂ ಮುಂದೆ ನಿಂತು ಮಾತಾಡಬೇಕು. ದೆಹಲಿಯ ಅಧಿಕಾರಿಗಳು ಮುಂದಿನ ಅಧಿಸೂಚನೆ ಬರೆಯುವ ಮೊದಲು ಮಡಿಕೇರಿಗೂ ಸುಳ್ಯಕ್ಕೂ ಬಂದು, ಹಾಡಿಯವರನ್ನೂ ಸೇರಿಸಿ ಎಲ್ಲರ ಎದುರು ಅಹವಾಲು ಕೇಳಬೇಕು. ಈಗಿನ ವಿನಾಯಿತಿಯ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ.